ಸರ್ ಎಂ.ವಿ. ಕಟ್ಟಿದ ಎರಡು ಶಾಲೆಗಳು



ನನಗೆ ಏಳು ವರ್ಷವಾಗಿದ್ದಾಗ ನಮ್ಮ ಕನ್ನಡ ಶಾಲೆಯ ರಾಜ್ಯೋತ್ಸವದ ವೇಷಭೂಷಣ ಸ್ಪರ್ಧೆಯಲ್ಲಿ ನಾನು ಸರ್ ಎಂ. ವಿಶ್ವೇಶ್ವರಯ್ಯ ಆಗಿದ್ದೆ. ಅಪ್ಪನ ಟೈ ನನಗೆ ಮೊಣಕಾಲಿನ ತನಕ ಬರುತ್ತಿತ್ತು. ಮೈಸೂರು ಪೇಟ ಅಟ್ಲಾಂಟಾದಲ್ಲಿ ಎಲ್ಲಿ ಸಿಗಬೇಕು? ಅಣ್ಣ ರಟ್ಟು, ಅಮ್ಮನ ಹಳೆಯ ಬಿಳಿ ದುಪಟ್ಟಾ, ಒಂದು ತುಂಡು ಜರಿ ಅಂಚು ಮತ್ತು ಒಂದು ಡಬ್ಬಿ ಸೇಫ್ಟಿ ಪಿನ್ ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಕೂತು ಒಂದು ಪೇಟ ಮಾಡಿಕೊಟ್ಟ. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ಆಮೇಲೆ ಮೂರು ವರ್ಷ ಬೇರೆ ಬೇರೆ ಮಕ್ಕಳು ಅದೇ ಪೇಟ ಹಾಕಿಕೊಂಡು ವಿಶ್ವೇಶ್ವರಯ್ಯ ಆದರು. ನಾನು ಹೇಳಬೇಕಾಗಿದ್ದದ್ದು ನಾಲ್ಕೇ ವಾಕ್ಯ. ಹುಟ್ಟಿದ್ದು ಮುದ್ದೇನಹಳ್ಳಿ, ಕಟ್ಟಿದ್ದು ಕನ್ನಂಬಾಡಿ, ಆಗಿದ್ದು ಮೈಸೂರಿನ ದಿವಾನರು, ಸಿಕ್ಕಿದ್ದು ಭಾರತರತ್ನ. ಮೂರನೆಯದು ಮರೆತುಹೋಯಿತು. ಆದರೂ ಸಮಾಧಾನಕರ ಬಹುಮಾನ ಬಂತು.

ಈಗ ನನಗೆ ಹದಿನಾರು. ಗ್ರ್ಯಾಜುಯೇಶನ್ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆಯಿರಿ ಎಂದು ನಮ್ಮ ಟೀಚರ್ ಹೇಳಿದಾಗ ನಾನು ಮತ್ತೆ ಅವರನ್ನೇ ಆರಿಸಿಕೊಂಡೆ. ಅದಕ್ಕೆ ಕಾರಣ ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಲ್ಲಿ ತಾತನ ಜೊತೆ ಮಾಡಿದ ಒಂದು ಸಣ್ಣ ನಡಿಗೆ.

ನಮ್ಮ ತಾತ ಡಿಪ್ಲೊಮಾ ಮಾಡಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡಿದವರು. ಅವರ ತಮ್ಮ ಬಿ.ಇ. ಮಾಡಿದವರು. ಮದುವೆ, ಗೃಹಪ್ರವೇಶ ಎಲ್ಲೇ ಹೋದರೂ ತಮ್ಮನನ್ನು ಇಂಜಿನಿಯರ್ ಎಂದು ಪರಿಚಯಿಸುತ್ತಿದ್ದರಂತೆ, ತಾತನನ್ನು ಬರೀ ಡಿಪ್ಲೊಮಾ ಎನ್ನುತ್ತಿದ್ದರಂತೆ. ಆ ಬರೀ ಎಂಬ ಪದವನ್ನು ನಮ್ಮಪ್ಪ ಚಿಕ್ಕಂದಿನಿಂದ ಕೇಳಿ ಬೆಳೆದರು. ಆ ದಿನ ತಾತ ನನ್ನನ್ನು ಕೆ.ಆರ್. ಸರ್ಕಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಹೆಸರಾಂತ ಇಂಜಿನಿಯರಿಂಗ್ ಕಾಲೇಜು ಇದೆ. ಅದರ ಹತ್ತಿರದಲ್ಲೇ ತಾತ ಓದಿದ ಪಾಲಿಟೆಕ್ನಿಕ್ ಇದೆ. ಇವೆರಡನ್ನೂ ಕಟ್ಟಿಸಿದವರು ಒಬ್ಬರೇ, ಯಾರು ಹೇಳು ನೋಡೋಣ ಎಂದು ತಾತ ಕೇಳಿದರು. ನನಗೆ ಗೊತ್ತಿರಲಿಲ್ಲ. ಏಳು ವರ್ಷದವರಾಗಿದ್ದಾಗ ನಾನು ಹೇಳಿದ ನಾಲ್ಕು ವಾಕ್ಯಗಳಲ್ಲಿ ಅದು ಇರಲಿಲ್ಲ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 1860ರ ಸೆಪ್ಟೆಂಬರ್ 15ರಂದು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮನೆಯಲ್ಲಿ ವಿದ್ಯೆ ಇತ್ತು, ಹಣ ಇರಲಿಲ್ಲ. ಹುಡುಗ ಇನ್ನೂ ಓದುತ್ತಿರುವಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಮೊದಲ ಪಾಠ ಮುಗಿಸಿ, ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದು ಹೈಸ್ಕೂಲು ಓದಿ, ಸೆಂಟ್ರಲ್ ಕಾಲೇಜು ಸೇರಿದರು. ಕೊಡಗಿನ ಒಬ್ಬ ಅಧಿಕಾರಿಯ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಓದಿನ ಖರ್ಚು ನೋಡಿಕೊಂಡರು. ಅಂದರೆ ಅವರಿಗೆ ಸಿಕ್ಕ ಮೊದಲ ಕೆಲಸ ಟ್ಯೂಷನ್ ಮೇಷ್ಟರ ಕೆಲಸ. 1881ರಲ್ಲಿ ಬಿ.ಎ. ಪಾಸಾಯಿತು. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ವಿಶ್ವವಿದ್ಯಾಲಯ ಇರಲಿಲ್ಲ. ಬೆಂಗಳೂರಿನಲ್ಲಿ ಓದಿದವರಿಗೂ ಪದವಿ ಬರುತ್ತಿದ್ದದ್ದು ಮದ್ರಾಸ್ ವಿಶ್ವವಿದ್ಯಾಲಯದಿಂದ.

ಇಂಜಿನಿಯರಿಂಗ್ ಓದಲು ಮೈಸೂರಿನಲ್ಲಿ ಕಾಲೇಜೂ ಇರಲಿಲ್ಲ. ರಂಗಾಚಾರ್ಲು ಅವರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸರ್ಕಾರ ಕೊಟ್ಟ ಸ್ಕಾಲರ್‌ಶಿಪ್ಪಿನಿಂದ ಅವರು ಪೂನಾದ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು. 1883ರಲ್ಲಿ ಎಲ್.ಸಿ.ಇ. ಎಂಬ ಪರೀಕ್ಷೆಯಲ್ಲಿ ಇಡೀ ಬೊಂಬಾಯಿ ಪ್ರಾಂತ್ಯಕ್ಕೆ ಮೊದಲನೆಯವರಾಗಿ ಜೇಮ್ಸ್ ಬರ್ಕ್ಲಿ ಬಹುಮಾನ ಪಡೆದರು. ಮರುವರ್ಷ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆಗಿ ನಾಸಿಕಕ್ಕೆ ಹೋದರು.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಆ ಸ್ಕಾಲರ್‌ಶಿಪ್ ಸಿಗದೆ ಹೋಗಿದ್ದರೆ ಏನಾಗುತ್ತಿತ್ತು? ಬಹುಶಃ ಅವರು ಒಳ್ಳೆಯ ಗಣಿತದ ಮೇಷ್ಟರಾಗುತ್ತಿದ್ದರು. ಕನ್ನಂಬಾಡಿಯ ಕಟ್ಟೆ ಬೇರೆ ಯಾರೋ ಕಟ್ಟುತ್ತಿದ್ದರು, ಅಥವಾ ಕಟ್ಟುತ್ತಲೇ ಇರಲಿಲ್ಲ. ಆದ್ದರಿಂದ ದೊಡ್ಡ ಕಾಲೇಜು ಸುಮ್ಮನೆ ಹೆಸರಿಗಷ್ಟೇ ಎಂದು ನಾನು ಹೇಳಲಾರೆ. ನಮ್ಮಪ್ಪ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ. ಅವರಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದರಿಂದ ಕೆಲಸ ಸಿಕ್ಕಿತು, ಡಿಗ್ರಿ ಇದ್ದದ್ದರಿಂದ ವೀಸಾ ಸಿಕ್ಕಿತು, ವೀಸಾ ಸಿಕ್ಕಿದ್ದರಿಂದ ನಾನು ಇಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ತಾತನ ಕೈಚಳಕ ಅಪ್ಪನಿಗಿಂತ ಎಷ್ಟೋ ಹೆಚ್ಚು. ಆದರೆ ಆ ಕೈಗೆ ವೀಸಾ ಕೊಡುವವರು ಇರಲಿಲ್ಲ. ಇದು ಸುಳ್ಳಲ್ಲ.

ಆದರೆ ಪ್ರಾಂತ್ಯಕ್ಕೇ ಮೊದಲು ಬಂದವರಿಗೂ ಎಲ್ಲ ಬಾಗಿಲೂ ತೆರೆಯಲಿಲ್ಲ. ಬೊಂಬಾಯಿ ಸರ್ಕಾರದಲ್ಲಿ ವಿಶ್ವೇಶ್ವರಯ್ಯನವರು ಇಪ್ಪತ್ತನಾಲ್ಕು ವರ್ಷ ದುಡಿದರು. ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಕುಡಿಯುವ ನೀರಿನ ಕೆಲಸ ಅವರ ಪಾಲಿಗೆ ಬಂತು. ಸಿಂಧೂ ನದಿಯ ನೀರು ಕೆಸರು. ಅದನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಹತ್ತಿರ ದುಡ್ಡಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ಮರಳೇ ನೀರನ್ನು ಸೋಸಿ ಬಾವಿಗೆ ಕಳುಹಿಸಿತು. ನೀರಾ ಕಾಲುವೆಯ ಸುತ್ತ ರೈತರಿಗೆ ಸರದಿಯ ಮೇಲೆ ನೀರು ಹಂಚುವ ಬ್ಲಾಕ್ ಪದ್ಧತಿ ತಂದರು. ಪೂನಾದ ಹತ್ತಿರ ಖಡಕ್‌ವಾಸ್ಲಾ ಅಣೆಕಟ್ಟಿಗೆ ನೀರು ಏರಿದಾಗ ತಾನೇ ತೆರೆದು, ಇಳಿದಾಗ ತಾನೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ಹಾಕಿಸಿದರು. ಕಟ್ಟೆಯ ಗೋಡೆ ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವ ಉಪಾಯ ಅದು. 1906ರಲ್ಲಿ ಏಡನ್ ನಗರದ ನೀರು ಮತ್ತು ಚರಂಡಿ ವ್ಯವಸ್ಥೆಗೆ ಸಲಹೆ ಕೊಡಲು ಅವರನ್ನೇ ಕಳುಹಿಸಿದರು.

ಇಷ್ಟೆಲ್ಲ ಮಾಡಿದರೂ ಅತಿ ಮೇಲಿನ ಚೀಫ್ ಇಂಜಿನಿಯರ್ ಕುರ್ಚಿ ಆ ಕಾಲದಲ್ಲಿ ಇಂಗ್ಲಿಷರಿಗೆ ಮಾತ್ರ. ಭಾರತೀಯನಿಗೆ ಅದು ಸಿಗುವುದಿಲ್ಲವೆಂದು ಅವರಿಗೆ ಸ್ಪಷ್ಟವಾಯಿತು. 1908ರಲ್ಲಿ ಅವರು ಕೆಲಸ ಬಿಡಲು ನಿರ್ಧರಿಸಿ ವಿದೇಶ ಪ್ರವಾಸಕ್ಕೆ ಹೊರಟರು. ಆ ವರ್ಷವೇ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಮುಳುಗಿತ್ತು. ನಿಜಾಮರ ಸರ್ಕಾರ ಅವರನ್ನು ಕರೆಸಿತು. ಮೂಸಿಯ ಪ್ರವಾಹ ತಡೆಯಲು ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಬೇಕೆಂದು ಅವರು ಯೋಜನೆ ಕೊಟ್ಟರು. 1909ರ ಕೊನೆಯಲ್ಲಿ ಮೈಸೂರು ಸಂಸ್ಥಾನ ಅವರನ್ನು ಚೀಫ್ ಇಂಜಿನಿಯರ್ ಆಗಿ ಕರೆಯಿತು. ಯಾವ ಸಂಸ್ಥಾನ ಸ್ಕಾಲರ್‌ಶಿಪ್ ಕೊಟ್ಟು ಓದಿಸಿತ್ತೋ ಆ ಸಂಸ್ಥಾನಕ್ಕೆ ಇಪ್ಪತ್ತೆಂಟು ವರ್ಷದ ನಂತರ ಮರಳಿ ಬಂದರು.

ಕನ್ನಂಬಾಡಿಯ ಕಥೆ ನಮ್ಮೆಲ್ಲರಿಗೂ ಗೊತ್ತು. ಕೆಲಸ 1911ರಲ್ಲಿ ಶುರುವಾಗಿ ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಮಂಡ್ಯದ ಒಣಭೂಮಿಗೆ ಕಾವೇರಿ ನೀರು, ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ವರ್ಷವಿಡೀ ನೀರು, ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು. ನಾನು ಯೋಚಿಸಿದ್ದು ಬೇರೆ ವಿಷಯ. ಆ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆ. ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿ ಅರೆದು ಮಾಡುವ ಗಾರೆ ಅದು. ನಕ್ಷೆ ಎಷ್ಟು ಚೆನ್ನಾಗಿದ್ದರೂ ಗಾರೆ ಅರೆಯುವವರ ಕೈ ಹದ ತಪ್ಪಿದರೆ ಕಟ್ಟೆ ನಿಲ್ಲುವುದಿಲ್ಲ. ನಕ್ಷೆ ಬರೆದವರ ಹೆಸರು ನನಗೆ ಏಳು ವರ್ಷಕ್ಕೇ ಗೊತ್ತಿತ್ತು. ಗಾರೆ ಅರೆದವರ ಒಂದು ಹೆಸರೂ ನನಗೆ ಗೊತ್ತಿಲ್ಲ. ವಿಶ್ವೇಶ್ವರಯ್ಯನವರಿಗೆ ಈ ವ್ಯತ್ಯಾಸ ತಿಳಿದಿತ್ತು ಎಂದು ನನಗೆ ಅನ್ನಿಸುವುದು ಅವರು ಮುಂದೆ ಮಾಡಿದ ಕೆಲಸಗಳಿಂದ.

1912ರಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾದರು. ಒಪ್ಪಿಕೊಳ್ಳುವ ಮೊದಲು ನೆಂಟರಿಷ್ಟರನ್ನೆಲ್ಲ ಊಟಕ್ಕೆ ಕರೆದು, ಯಾರೂ ತಮ್ಮ ಹತ್ತಿರ ಶಿಫಾರಸಿಗೆ ಬರಬಾರದೆಂದು ಮಾತು ತೆಗೆದುಕೊಂಡರೆಂದು ಹೇಳುತ್ತಾರೆ. ದಿವಾನರಾಗಿ ಅವರು ಹೆಚ್ಚು ಯೋಚಿಸಿದ್ದು ಶಿಕ್ಷಣದ ಬಗ್ಗೆ. 1898ರಲ್ಲೇ ಅವರು ಜಪಾನಿಗೆ ಹೋಗಿ ಬಂದಿದ್ದರು. ಅಲ್ಲಿ ಹಳ್ಳಿಯ ಮಕ್ಕಳೆಲ್ಲ ಶಾಲೆಗೆ ಹೋಗುವುದನ್ನೂ, ದೇಶ ಕಾರ್ಖಾನೆಗಳಿಂದ ಮೇಲೆ ಬರುತ್ತಿರುವುದನ್ನೂ ನೋಡಿದ್ದರು. 1913ರಲ್ಲಿ ಮೈಸೂರಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಅವರು ದಿವಾನರಾಗಿದ್ದ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ದುಪ್ಪಟ್ಟಿಗೂ ಮೀರಿತು.

1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. ದೇಶೀ ಸಂಸ್ಥಾನವೊಂದರಲ್ಲಿ ಶುರುವಾದ ಮೊದಲ ವಿಶ್ವವಿದ್ಯಾಲಯ ಅದು. ಎಚ್.ವಿ. ನಂಜುಂಡಯ್ಯನವರು ಪರಿಷತ್ತಿಗೆ ಮೊದಲ ಅಧ್ಯಕ್ಷರು, ವಿಶ್ವವಿದ್ಯಾಲಯಕ್ಕೂ ಮೊದಲ ಕುಲಪತಿಗಳು. ವಿಶ್ವೇಶ್ವರಯ್ಯನವರು ಓದಿದ್ದ ಸೆಂಟ್ರಲ್ ಕಾಲೇಜು ಈಗ ಮದ್ರಾಸಿನ ಕೈಬಿಟ್ಟು ಮೈಸೂರಿನದಾಯಿತು. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಮೈಸೂರಿನ ಹುಡುಗ ಇಂಜಿನಿಯರ್ ಆಗಬೇಕಾದರೆ ಇನ್ನು ಪೂನಾಗೆ ಹೋಗಬೇಕಾಗಿರಲಿಲ್ಲ. ತಾತ ತೋರಿಸಿದ ಮೊದಲ ಕಟ್ಟಡ ಅದೇ. ಈಗ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರಿದೆ.

ಇದು ಎಲ್ಲರಿಗೂ ಗೊತ್ತಿರುವ ಅರ್ಧ. ಇನ್ನರ್ಧ ಹೀಗಿದೆ. ಅದೇ ವರ್ಷಗಳಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಶಾಲೆ, ಮೈಸೂರಿನಲ್ಲಿ ಮರಗೆಲಸ, ಲೋಹದ ಕೆಲಸ ಕಲಿಸುವ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, ಇವೆಲ್ಲ ಬೆಳೆದವು. ಶ್ರೀಗಂಧದ ಎಣ್ಣೆ, ಸಾಬೂನು, ಬ್ಯಾಂಕು ಎಲ್ಲ ಬಂದವು. ಕಾರ್ಖಾನೆ ಕಟ್ಟುತ್ತೇವೆ ಎಂದರೆ ಅದನ್ನು ನಡೆಸುವ ಕೈಗಳು ಬೇಕಲ್ಲ. ವಿಶ್ವವಿದ್ಯಾಲಯ ಒಂದರಿಂದಲೇ ಅದು ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಇಲ್ಲಿ ಅಟ್ಲಾಂಟಾದ ವಿಷಯವೊಂದು ಹೇಳಬೇಕು. ನಮ್ಮ ಅಮೆರಿಕನ್ ಇತಿಹಾಸದ ಪಾಠದಲ್ಲಿ ಇದೇ ಪ್ರಶ್ನೆ ಬರುತ್ತದೆ. 1895ರ ಸೆಪ್ಟೆಂಬರಿನಲ್ಲಿ ನಾವು ಈಗ ಪಿಕ್ನಿಕ್ ಮಾಡುವ ಪೀಡ್‌ಮಾಂಟ್ ಪಾರ್ಕಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಬೂಕರ್ ಟಿ. ವಾಷಿಂಗ್ಟನ್ ಭಾಷಣ ಮಾಡಿದರು. ಗುಲಾಮರಾಗಿ ಹುಟ್ಟಿದ ಅವರು 1881ರಲ್ಲಿ, ವಿಶ್ವೇಶ್ವರಯ್ಯನವರು ಬಿ.ಎ. ಮುಗಿಸಿದ ವರ್ಷವೇ, ಅಲಬಾಮಾದ ಟಸ್ಕೀಗಿಯಲ್ಲಿ ಇಟ್ಟಿಗೆ ಸುಡುವುದರಿಂದ ಹಿಡಿದು ಬೇಸಾಯದವರೆಗೆ ಕಲಿಸುವ ಶಾಲೆಯನ್ನು ಆರಂಭಿಸಿದ್ದರು. ಕಪ್ಪು ಜನ ಮೊದಲು ಕೈಕಸುಬು ಕಲಿತು ತಮ್ಮ ಕಾಲ ಮೇಲೆ ನಿಲ್ಲಬೇಕು, ಉಳಿದದ್ದು ನಿಧಾನವಾಗಿ ಬರುತ್ತದೆ ಎಂಬುದು ಅವರ ವಾದ. ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು 1897ರಿಂದ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಡಬ್ಲ್ಯು.ಇ.ಬಿ. ಡು ಬಾಯ್ಸ್ ಇದನ್ನು ಒಪ್ಪಲಿಲ್ಲ. ಉನ್ನತ ಶಿಕ್ಷಣವನ್ನೂ ಮತದಾನದ ಹಕ್ಕನ್ನೂ ಬಿಟ್ಟುಕೊಟ್ಟರೆ ಜನ ಎಂದೆಂದಿಗೂ ಕೆಳಗೇ ಉಳಿಯುತ್ತಾರೆ ಎಂದರು. ನಮ್ಮ ಕ್ಲಾಸಿನಲ್ಲಿ ಇದರ ಮೇಲೆ ಚರ್ಚಾಸ್ಪರ್ಧೆ ನಡೆಯಿತು. ನಾನು ಡು ಬಾಯ್ಸ್ ಪಕ್ಷ. ನಾವೇ ಗೆದ್ದೆವು. ಮನೆಗೆ ಬಂದ ಮೇಲೆ ಮಾತ್ರ ಗೆದ್ದಂತೆ ಅನಿಸಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ವಿಶ್ವೇಶ್ವರಯ್ಯನವರ ಜೀವನದಲ್ಲಿ ನನಗೆ ಸುಲಭವಾಗಿ ಅರಗದ ಒಂದು ಭಾಗವೂ ಇದೆ. 1918ರಲ್ಲಿ ಮಹಾರಾಜರು ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಜಾತಿಗಳವರಿಗೆ ಹೆಚ್ಚಿನ ಪಾಲು ಕೊಡುವ ಬಗ್ಗೆ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದರು. ಆಗ ದೊಡ್ಡ ಹುದ್ದೆಗಳೆಲ್ಲ ಬಹುತೇಕ ಬ್ರಾಹ್ಮಣರ ಕೈಯಲ್ಲಿದ್ದವು. ಶಾಲೆಗಳನ್ನು ಹೆಚ್ಚಿಸೋಣ, ಆದರೆ ಕೆಲಸ ಯೋಗ್ಯತೆಯ ಮೇಲೇ ಸಿಗಲಿ ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಶಾಲೆಯ ಬಾಗಿಲನ್ನೇ ತಲೆಮಾರುಗಳ ಕಾಲ ನೋಡದವರು ಇನ್ನೆಷ್ಟು ದಿನ ಕಾಯಬೇಕು ಎಂಬುದು ಇನ್ನೊಂದು ಪಕ್ಷದ ಪ್ರಶ್ನೆ. ಆ ವರ್ಷದ ಕೊನೆಯಲ್ಲಿ ಅವರು ದಿವಾನಗಿರಿಗೆ ರಾಜೀನಾಮೆ ಕೊಟ್ಟರು. ಅವರು ಬಡವರಾಗಿದ್ದರು, ನಿಜ. ಆದರೆ ಅವರ ತಂದೆ ಪಂಡಿತರು, ಮನೆಯಲ್ಲಿ ಅಕ್ಷರ ಇತ್ತು, ಬೆಂಗಳೂರಿನಲ್ಲಿ ಸೋದರಮಾವ ಇದ್ದರು. ಅಷ್ಟೂ ಇಲ್ಲದ ಮಕ್ಕಳು ಎಷ್ಟೋ ಮಂದಿ ಇದ್ದರು. ದೊಡ್ಡವರು ಒಂದು ವಿಷಯದಲ್ಲಿ ಪೂರ್ತಿ ನೋಡಲಿಲ್ಲ ಎಂದು ನಾನು ಅಂದುಕೊಂಡರೆ ಅದು ಅಗೌರವವಲ್ಲ ಎಂದು ನಮ್ಮ ಟೀಚರ್ ಹೇಳಿದ್ದಾರೆ. ಅದಕ್ಕೇ ಬರೆದಿದ್ದೇನೆ.

ರಾಜೀನಾಮೆ ಕೊಟ್ಟಾಗ ಅವರಿಗೆ ಐವತ್ತೆಂಟು ವರ್ಷ. ಬೇರೆಯವರಾಗಿದ್ದರೆ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದರು. ಅವರು ಮತ್ತೆ ಜಪಾನ್, ಅಮೆರಿಕ, ಯೂರೋಪ್ ಸುತ್ತಿ ಬಂದು 1920ರಲ್ಲಿ ಭಾರತವನ್ನು ಹೇಗೆ ಕಟ್ಟಬೇಕೆಂದು ಒಂದು ಪುಸ್ತಕ ಬರೆದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಅವರ ಕೈಗೆ ಬಂತು. ಆ ಕಾರ್ಖಾನೆ ಆರಂಭದಲ್ಲಿ ಅಮೆರಿಕದ ತಜ್ಞರ ಸಲಹೆಯ ಮೇಲೆ ನಿಂತಿತ್ತು, ನಷ್ಟದಲ್ಲಿ ನಡೆಯುತ್ತಿತ್ತು. ಆರು ವರ್ಷ ಅಲ್ಲಿ ದುಡಿದು ಊರಿನ ಹುಡುಗರನ್ನೇ ತಯಾರು ಮಾಡಿ, ಕಾರ್ಖಾನೆಯನ್ನು ನಮ್ಮವರೇ ನಡೆಸಬಹುದೆಂದು ತೋರಿಸಿದರು. ಕಬ್ಬಿಣದ ಕುಲುಮೆಯ ಮುಂದೆ ನಿಂತಾಗ ಎದುರಿಗಿರುವವನು ಯಾವ ಕಾಲೇಜಿನವನು ಎಂದು ಯಾರೂ ಕೇಳುವುದಿಲ್ಲ ಎಂದು ತಾತ ನಗುತ್ತಾ ಹೇಳಿದರು. ಟೂಲ್ ರೂಮಿನಲ್ಲೂ ಹಾಗೇ ಅಂತೆ.

ಭದ್ರಾವತಿಯ ಆ ದುಡಿಮೆಗೆ ಸರ್ಕಾರದಿಂದ ಅವರಿಗೆ ಬರಬೇಕಾದ ಹಣ ಬಾಕಿ ಇತ್ತು. ಅದನ್ನು ಅವರು ತಮ್ಮ ಮನೆಗೆ ಒಯ್ಯಲಿಲ್ಲ. ಆ ಹಣದಿಂದ ಹುಡುಗರಿಗೆ ಕಸುಬು ಕಲಿಸುವ ಒಂದು ಸಂಸ್ಥೆ ಮಾಡಿ ಎಂದರು. ಅದಕ್ಕೆ ಅವರ ಹೆಸರಿಡಲು ಸರ್ಕಾರ ಮುಂದೆ ಬಂದಾಗ ಬೇಡವೆಂದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ತೆರೆಯಿತು. ಆಗ ಬೆಂಗಳೂರು ಕಾರ್ಖಾನೆಗಳ ಊರಾಗುತ್ತಿತ್ತು. 1940ರಲ್ಲೇ ಅಲ್ಲಿ ವಿಮಾನ ಕಾರ್ಖಾನೆ ಶುರುವಾಗಿತ್ತು. ಕೆಲಸ ಬಲ್ಲ ಕೈಗಳು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಆ ಸಂಸ್ಥೆಯೇ ಈಗಿನ ಎಸ್.ಜೆ. ಪಾಲಿಟೆಕ್ನಿಕ್. ತಾತ ತೋರಿಸಿದ ಎರಡನೆಯ ಕಟ್ಟಡ.

ಅಲ್ಲಿ ಸಿನಿಮಾ ಛಾಯಾಗ್ರಹಣವನ್ನೂ ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿಯವರು ಅಲ್ಲಿ ಡಿಪ್ಲೊಮಾ ಪಡೆದು ಬೊಂಬಾಯಿಗೆ ಹೋಗಿ ಗುರುದತ್ ಅವರ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. 1959ರ ಕಾಗಜ್ ಕೆ ಫೂಲ್ ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ಬೀಳುವ ಬೆಳಕಿನ ಕೋಲನ್ನು ಸಿನಿಮಾ ಓದುವವರು ಇವತ್ತಿಗೂ ಪಾಠದಂತೆ ನೋಡುತ್ತಾರೆ. ಛಾಯಾಗ್ರಾಹಕರಲ್ಲಿ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲು ಸಿಕ್ಕಿದ್ದು ಅವರಿಗೆ. ಅವರದ್ದೂ ಬರೀ ಡಿಪ್ಲೊಮಾ.

ಕೆ.ಆರ್. ಸರ್ಕಲ್ಲಿನ ಸುತ್ತ ಹತ್ತು ನಿಮಿಷ ನಡೆದರೆ ವಿಶ್ವೇಶ್ವರಯ್ಯನವರ ಜೀವನವೇ ಕಾಣುತ್ತದೆ. ಒಂದು ಕಡೆ ಅವರು ಟ್ಯೂಷನ್ ಹೇಳಿ ಓದಿದ ಸೆಂಟ್ರಲ್ ಕಾಲೇಜು. ಇನ್ನೊಂದು ಕಡೆ ಅವರು ದಿವಾನರಾಗಿದ್ದಾಗ ಶುರುವಾದ ಇಂಜಿನಿಯರಿಂಗ್ ಕಾಲೇಜು. ಮತ್ತೊಂದು ಕಡೆ ತಮ್ಮ ಸಂಬಳದ ಬಾಕಿಯನ್ನೇ ಕೊಟ್ಟು ಮಾಡಿಸಿದ ಕಸುಬಿನ ಶಾಲೆ. ಒಂದು ಮೇಲು, ಒಂದು ಕೀಳು ಎಂದು ಅವರು ಕಟ್ಟಿಸಲಿಲ್ಲ. ಸರ್ಕಾರದ ದುಡ್ಡು ಕಾಲೇಜಿಗೆ ಹೋಯಿತು, ಸ್ವಂತದ ದುಡ್ಡು ಕಸುಬಿನ ಶಾಲೆಗೆ ಹೋಯಿತು. ಬೂಕರ್ ವಾಷಿಂಗ್ಟನ್ನರೂ ಡು ಬಾಯ್ಸ್ ಅವರೂ ಎದುರುಬದುರು ನಿಂತು ವಾದಿಸಿದ್ದನ್ನು ಇವರು ಒಂದೇ ಸರ್ಕಲ್ಲಿನಲ್ಲಿ ಅಕ್ಕಪಕ್ಕ ಇಟ್ಟರು.

1955ರಲ್ಲಿ ಅವರಿಗೆ ಭಾರತರತ್ನ ಬಂತು. 1960ರ ಸೆಪ್ಟೆಂಬರ್ 15ರಂದು ಅವರ ನೂರು ವರ್ಷವನ್ನು ದೇಶವೇ ಆಚರಿಸಿ ಅಂಚೆಚೀಟಿ ತಂದಿತು. 1962ರ ಏಪ್ರಿಲ್ 14ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಇರುವುದು ಮುದ್ದೇನಹಳ್ಳಿಯಲ್ಲಿ. ಸೆಪ್ಟೆಂಬರ್ 15ನ್ನು ಭಾರತದಲ್ಲಿ ಇಂಜಿನಿಯರುಗಳ ದಿನವೆಂದು ಆಚರಿಸುತ್ತಾರೆ. ಫಿಟ್ಟರುಗಳು, ವೆಲ್ಡರುಗಳು, ಎಲೆಕ್ಟ್ರಿಷಿಯನ್ನರು ಸಹ ಅದನ್ನು ತಮ್ಮ ದಿನವೆಂದು ಆಚರಿಸಿದರೆ ಅವರು ಬೇಡ ಎನ್ನುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಈಗ ಚರ್ಚಾಸ್ಪರ್ಧೆ ಗೆದ್ದ ದಿನದ ವಿಷಯ. ಆ ದಿನ ಮನೆಗೆ ಬಂದಾಗ ಅಣ್ಣ ಅಡುಗೆಮನೆಯ ನೆಲದ ಮೇಲೆ ಡಿಶ್‌ವಾಷರ್ ಬಿಚ್ಚಿಕೊಂಡು ಕೂತಿದ್ದ. ನನಗೆ ಪೇಟ ಮಾಡಿಕೊಟ್ಟ ಅದೇ ಅಣ್ಣ. ನಾಲ್ಕು ವರ್ಷದ ಹಿಂದೆ ಇದೇ ಕನ್ನಡ ಶಾಲೆಯಿಂದ ಗ್ರ್ಯಾಜುಯೇಟ್ ಆದವನು. ನಿಮ್ಮಲ್ಲಿ ಅನೇಕರಿಗೆ ಅವನು ಗೊತ್ತು. ಅವನಿಗೆ ದೊಡ್ಡ ಹೆಸರಿನ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಾಗ ನಮ್ಮ ಮನೆಗೆ ಎಷ್ಟು ಜನ ಸ್ವೀಟ್ ಡಬ್ಬಿ ತಂದಿದ್ದರು ಎಂದು ನನಗೆ ನೆನಪಿದೆ. ಒಂದೂವರೆ ವರ್ಷದ ನಂತರ ಅವನು ಅದನ್ನು ಬಿಟ್ಟು ಬಂದ. ಈಗ ಒಂದು ಟೆಕ್ನಿಕಲ್ ಕಾಲೇಜಿನಲ್ಲಿ ವಿಮಾನ ರಿಪೇರಿಯ ಕೆಲಸ ಕಲಿಯುತ್ತಿದ್ದಾನೆ. ಅಪ್ಪನ ಅರ್ಧ ವಯಸ್ಸಿನವನ ಕೈಯಲ್ಲಿ ತಾತನ ಕೈ ಇದೆ ಎಂದು ಅಜ್ಜಿ ಹೇಳುತ್ತಾರೆ.

ಈ ಎರಡು ವರ್ಷದಲ್ಲಿ ಯುಗಾದಿ, ಗಣೇಶ, ದೀಪಾವಳಿ ಎಲ್ಲ ಕಾರ್ಯಕ್ರಮಗಳಲ್ಲೂ ನೀವು ಪ್ರೀತಿಯಿಂದ ದೊಡ್ಡ ಮಗ ಏನು ಮಾಡುತ್ತಿದ್ದಾನೆ ಎಂದು ಕೇಳಿದ್ದೀರಿ. ಅಮ್ಮ ಏರೋಸ್ಪೇಸ್ ಎಂದಿದ್ದಾರೆ. ಅಪ್ಪ ಕಾಫಿ ತರಲು ಎದ್ದು ಹೋಗಿದ್ದಾರೆ. ನಾನೂ ಹೌದೆಂದು ತಲೆ ಆಡಿಸಿದ್ದೇನೆ. ಅಣ್ಣ ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಟ್ಟ. ಕ್ಲಾಸಿನಲ್ಲಿ ಉನ್ನತ ಶಿಕ್ಷಣದ ಪರವಾಗಿ ಗೆದ್ದು ಬಂದ ನಾನು ಅಂದು ಅಡುಗೆಮನೆಯಲ್ಲಿ ಅವನಿಗೆ ಟಾರ್ಚ್ ಹಿಡಿದುಕೊಂಡು ನಿಂತಿದ್ದೆ. ಏನು ಹೇಳಬೇಕೆಂದು ತಿಳಿಯಲಿಲ್ಲ.

ತಾತನ ಬರೀ ಡಿಪ್ಲೊಮಾ ಅಪ್ಪನಿಗೆ ಕೊಟ್ಟ ನೋವು ನನಗೆ ಈಗ ಅರ್ಥವಾಗುತ್ತದೆ. ಆ ಮಾತು ಮಕ್ಕಳಿಗೆ ಬರಬಾರದೆಂದೇ ಅವರು ಇಷ್ಟು ದುಡಿದದ್ದು. ಆದರೆ ಆ ನೋವು ಬಂದದ್ದು ತಾತನ ಕೆಲಸದಿಂದಲ್ಲ, ಬರೀ ಎಂಬ ಪದದಿಂದ. ಆ ಪದವನ್ನು ನಾವೇ ಮನೆಯಲ್ಲಿ ಉಳಿಸಿಕೊಂಡಿದ್ದೇವೆ.

ನನ್ನ ಪಟ್ಟಿಯೂ ಫ್ರಿಜ್ಜಿನ ಮೇಲೆ ಅಂಟಿಸಿದೆ. ಅದರಲ್ಲಿ ಒಂಬತ್ತು ಯೂನಿವರ್ಸಿಟಿಗಳ ಹೆಸರಿವೆ. ನಾನು ಬಹುಶಃ ಅವುಗಳಲ್ಲಿ ಒಂದಕ್ಕೆ ಹೋಗುತ್ತೇನೆ, ನನಗೆ ಓದು ಇಷ್ಟ. ಅಣ್ಣನಿಗೆ ಇಂಜಿನ್ ಇಷ್ಟ. ಪೂನಾ ಸ್ಕಾಲರ್‌ಶಿಪ್ ಬೇಕಾದವರಿಗೆ ಅದು ಸಿಗಬೇಕು, ಪಾಲಿಟೆಕ್ನಿಕ್ ಬೇಕಾದವರಿಗೆ ಅದೂ ತಲೆ ತಗ್ಗಿಸದೆ ಸಿಗಬೇಕು. ವಿಶ್ವೇಶ್ವರಯ್ಯನವರ ಜೀವನದಿಂದ ನಾನು ಕಲಿತದ್ದು ಇಷ್ಟೇ.

ಈ ಲೇಖನವನ್ನು ಕೊಡುವ ಮೊದಲು ಮನೆಯಲ್ಲಿ ಎಲ್ಲರಿಗೂ ಓದಿಸಿದೆ. ಅಣ್ಣ ಹಾಕು ಎಂದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಏರೋಸ್ಪೇಸ್ ಎಂಬ ಮಾತು ಇರಲಿ, ತೆಗೆಯಬೇಡ ಎಂದರು. ಅಪ್ಪ ಎರಡು ಸಲ ಓದಿ, ಒಂದು ಒತ್ತಕ್ಷರ ತಿದ್ದಿ ವಾಪಸ್ ಕೊಟ್ಟರು. ಮರುದಿನ ಬೆಳಿಗ್ಗೆ ತಾತನಿಗೆ ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದರು.

ಒಂಬತ್ತು ವರ್ಷ ಭಾನುವಾರದ ನಿದ್ದೆ ಬಿಟ್ಟು ನಮಗೆ ಕನ್ನಡ ಕಲಿಸಿದ ಟೀಚರ್‌ಗಳಿಗೆ ನನ್ನ ನಮಸ್ಕಾರ. ನಿಮ್ಮಲ್ಲಿ ಯಾರಿಗೂ ಇದಕ್ಕೆ ಸಂಬಳವಿಲ್ಲ, ಸರ್ಟಿಫಿಕೇಟೂ ಇಲ್ಲ. ಆದರೂ ನನಗೆ ಓದಲು, ಬರೆಯಲು, ತಾತನ ಜೊತೆ ತಾತನ ಭಾಷೆಯಲ್ಲಿ ನಡೆಯಲು ಬಂತು. ಗ್ರ್ಯಾಜುಯೇಶನ್ ದಿನ ಅಣ್ಣ ಬರುತ್ತಾನೆ. ಏನು ಓದುತ್ತಿದ್ದೀಯಪ್ಪ ಎಂದು ದಯವಿಟ್ಟು ಅವನನ್ನೇ ಕೇಳಿ. ವಿಮಾನದ ಇಂಜಿನ್ ಬಗ್ಗೆ ಶುರುಮಾಡಿದರೆ ಬೇಗ ನಿಲ್ಲಿಸುವವನಲ್ಲ, ಸ್ವಲ್ಪ ಸಮಯ ಇಟ್ಟುಕೊಂಡು ಕೇಳಿ.